ಪದಚರ್ಚೆ: ಕೇಬಲ್ ಇಂಟರ್‌ನೆಟ್‌ನ ‘ಡೌನ್‌ಸ್ಟ್ರೀಮ್’, ‘ಅಪ್‌ಸ್ಟ್ರೀಮ್’ಗಳಿಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಮಾನ್ಯರೇ,

ಕೇಬಲ್ ಟಿವಿಯ ತಂತಿಯಲ್ಲೇ ಇಂಟರ್‌ನೆಟ್ ಒದಗಿಸುವ ಮೋಡೆಮ್ ಒಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಮೋಡೆಮ್‌ನ ಮುಂಭಾಗದಲ್ಲಿ ಎರಡು ದೀಪಗಳಿದ್ದು, ಒಂದರ ಪಕ್ಕದಲ್ಲಿ ಕೆಳಗೆ ತೋರುವ ಬಾಣವೂ ಇನ್ನೊಂದರ ಪಕ್ಕದಲ್ಲಿ ಮೇಲೆ ತೋರುವ ಬಾಣವೂ ಇವೆ. ಹೆಡ್‌ಎಂಡ್‌ನಿಂದ, ಅಂದರೆ ಕೇಬಲ್ ಕಂಪನಿಯ ಕೇಂದ್ರದಿಂದ, ಮನೆಗೆ ಬರುವ ಡೌನ್‌ಸ್ಟ್ರೀಮ್‌ನದು ಮೊದಲನೆಯ ದೀಪ, ಮನೆಯಿಂದ ಹೆಡ್‌ಎಂಡ್‌ಗೆ ಹೋಗುವ ಅಪ್‌ಸ್ಟ್ರೀಮ್‌ನದು ಎರಡನೆಯದು. ಸದ್ಯಕ್ಕೆ ‘ಕೆಳಮುಖ ವಾಹಿನಿ’, ‘ಮೇಲ್ಮುಖ ವಾಹಿನಿ’ ಎಂದು ಬರೆದುಕೊಂಡಿದ್ದೇನೆ. ಆದರೆ ವಾಹಿನಿ ಎಂದೊಡನೆ ಓದುವವರು ಸುದ್ದಿ ವಾಹಿನಿಯನ್ನೋ ಮನರಂಜನಾ ವಾಹಿನಿಯನ್ನೋ ನೆನೆದಾರೆಂಬ ಅಳುಕಿದೆ. ದೀಪದ ಪಕ್ಕದಲ್ಲಿ ಒಂದು ಪದಕ್ಕಷ್ಟೇ ಜಾಗವಿದೆ. ‘ಬ್ರಾಡ್‌ಬ್ಯಾಂಡ್’ ಪದವನ್ನು ಹಾಗೆಯೇ ಉಳಿಸಿಕೊಳ್ಳಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಪ್ರತಿಕ್ರಿಯೆ 1

‘ಮೇಲ್ಮುಖ’ ಅರಿಸಮಾಸ, ಅಂದರೆ ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಸಲ್ಲದ ಜೋಡಣೆ; ಕೈಬಿಡಿ. ‘ಇಳಿದಾರಿ’, ‘ಏರುದಾರಿ’ ಎಂದು ಅಚ್ಚಗನ್ನಡದಲ್ಲಿ ಹೇಳಬಹುದಾದಾಗ ಬೇರೆ ಹುಡುಕಾಟವೇಕೆ? ಬ್ರಾಡ್‌ಬ್ಯಾಂಡ್ ‘ಅಗಲಪಟ್ಟೆ’ಯಾಗಲಿ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ಪ್ರತಿಕ್ರಿಯೆ 2

ಚರ್ಚಿಸುವಂಥದ್ದು ಬೇಕಾದಷ್ಟಿದೆ. ‘ಮೇಲ್ಮುಖ’ದ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪೋಣ, ಆದರೆ ‘ಕೆಳಮುಖ’ದ ಬದಲು ‘ಇಳಿಮುಖ’ ಎಂದರೆ, ಅದು ‘ಇಳಿಯುವ’ ಎಂಬ ಕ್ರಿಯೆಯ ರೂಪ ನಾಮಪದದೊಡನೆ ಸೇರಿದ ಗಮಕ ಸಮಾಸವಾದ್ದರಿಂದ ಅರಿಸಮಾಸದ ದೋಷ ತಟ್ಟುವುದಿಲ್ಲ. ಅದಿರಲಿ, ಸಮಾಸ ಶುದ್ಧವಾದ ಮಾತ್ರಕ್ಕೆ ಪದ ಸರಿಯಾಗುವುದಿಲ್ಲ. ಹೆಸರಿಡುವ ಮೊದಲು ಆ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು, ಮತ್ತು ಇಲ್ಲಿ ಯಾರೂ ಅದನ್ನು ನೋಡಿದಂತಿಲ್ಲ.

ಮೊದಲು ವಾಹಿನಿಯ ಅಳುಕನ್ನು ನಿವಾರಿಸುತ್ತೇನೆ. ಕೇಬಲ್ ಜಾಲದಲ್ಲಿ ಪ್ರತಿ ಟಿವಿ ವಾಹಿನಿಗೂ ಕಂಪನಾಂಕಗಳ (ಫ್ರೀಕ್ವೆನ್ಸಿ) ಒಂದು ಪಟ್ಟಿ ಮೀಸಲಾಗಿರುತ್ತಿತ್ತು. ಉತ್ತರ ಅಮೆರಿಕದ ಕ್ರಮದಲ್ಲಿ ಅದರ ಅಗಲ 6 ಮೆಗಾಹರ್ಟ್ಸ್, ಯುರೋಪಿನ ಕ್ರಮದಲ್ಲಿ ಸಾಮಾನ್ಯವಾಗಿ 8. ಕೇಬಲ್ ಇಂಟರ್‌ನೆಟ್‌ಗೆಂದೇ ರೂಪಿಸಿದ ಡಾಕ್ಸಿಸ್ ಎಂಬ ಮಾನದಂಡದ ಮೊದಲ ಆವೃತ್ತಿ 1997ರಲ್ಲಿ ಬಂದಾಗ, ಇಂಟರ್‌ನೆಟ್‌ನ ದತ್ತಾಂಶಕ್ಕೂ ಅಂಥದೇ ಒಂದು ಪಟ್ಟಿಯನ್ನು ಬಿಟ್ಟುಕೊಡಲಾಯಿತು. ಚಿತ್ರ ಕೂರುತ್ತಿದ್ದ ಜಾಗದಲ್ಲಿ ದತ್ತಾಂಶ ಕೂತಿತು, ಅಷ್ಟೆ. ಹೀಗಿರುವಾಗ ಓದುವವರಿಗೆ ಟಿವಿ ವಾಹಿನಿ ನೆನಪಾದರೆ ಅದು ತಪ್ಪು ತಿಳಿವಳಿಕೆಯಲ್ಲ, ಸರಿಯಾದ ತಿಳಿವಳಿಕೆ. 2006ರ ಡಾಕ್ಸಿಸ್ 3.0ರಲ್ಲಿ ಇಂಥ ಹಲವು ವಾಹಿನಿಗಳನ್ನು ಒಟ್ಟುಗೂಡಿಸಿ ವೇಗ ಹೆಚ್ಚಿಸುವ ಏರ್ಪಾಡು ಬಂತು. ಅದನ್ನು ವಿವರಿಸುವ ಪುಟದಲ್ಲಿ ‘ವಾಹಿನಿ’ ಪದ ಬೇಕೇ ಬೇಕು. ಆದ್ದರಿಂದ ಅದನ್ನು ಚಾನೆಲ್‌ಗೇ ಮೀಸಲಿಡಿ, ದಿಕ್ಕಿನ ಹೆಸರಿಗೆ ವ್ಯಯಿಸಬೇಡಿ.

ಇನ್ನು ದಿಕ್ಕು. ಇಳಿ–ಏರು ಎಂಬ ಜೋಡಿ ಕೇಳಲು ಚೆನ್ನಾಗಿದೆ, ಆದರೆ ಅದು ಒಂದನ್ನು ಇನ್ನೊಂದರ ಪ್ರತಿಬಿಂಬವನ್ನಾಗಿ ತೋರಿಸುತ್ತದೆ. ಕೇಬಲ್ಲಿನೊಳಗೆ ಹಾಗಿಲ್ಲ. ಹೆಡ್‌ಎಂಡ್‌ನಿಂದ ನೋಡ್ ಎಂಬ ಬಡಾವಣೆಯ ಪೆಟ್ಟಿಗೆಯವರೆಗೆ ಬೆಳಕಿನ ತಂತುವಿನಲ್ಲೂ, ಅಲ್ಲಿಂದ ಮುಂದೆ ಕೋಆಕ್ಸಿಯಲ್ ತಂತಿಯಲ್ಲೂ ಬರುವ ಸಂಕೇತ ಆ ಕವಲಿನ ಎಲ್ಲ ಮನೆಗಳನ್ನೂ ಒಮ್ಮೆಗೇ ತಲುಪುತ್ತದೆ. ಪ್ರತಿ ಮೋಡೆಮ್ ಅದರಲ್ಲಿ ತನ್ನ ವಿಳಾಸದ್ದನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಬಿಡುತ್ತದೆ. ನೆರೆಮನೆಯ ದತ್ತಾಂಶವನ್ನು ಓದಲಾಗದಂತೆ ಗೂಢಲಿಪೀಕರಣವಿರುತ್ತದೆ. ಒಬ್ಬರು ಹೇಳಿದ್ದನ್ನು ಎಲ್ಲರೂ ಕೇಳಿಸಿಕೊಳ್ಳುವ ವ್ಯವಸ್ಥೆ ಇದು.

ಮನೆಯಿಂದ ಹೋಗುವ ದಾರಿಯಲ್ಲಿ ಹಲವರು ಮಾತನಾಡಬೇಕು, ಕೇಳುವವರು ಒಬ್ಬರೇ. ಆದ್ದರಿಂದ ಮೋಡೆಮ್ ಮೊದಲು ಅವಕಾಶ ಕೇಳುತ್ತದೆ, ಹೆಡ್‌ಎಂಡ್ ಅದಕ್ಕೆ ಇಂತಿಷ್ಟು ಹೊತ್ತೆಂದು ಸರದಿ ಕೊಡುತ್ತದೆ, ಆ ಹೊತ್ತಿನಲ್ಲಷ್ಟೇ ಅದು ದತ್ತಾಂಶವನ್ನು ಕಳಿಸಬೇಕು. ದೂರದ ಮನೆಯ ಸಂಕೇತ ತಡವಾಗಿ ಮುಟ್ಟುವುದರಿಂದ, ಎಷ್ಟು ಮುಂಚಿತವಾಗಿ ಮತ್ತು ಎಷ್ಟು ಬಲವಾಗಿ ಕಳಿಸಬೇಕೆಂಬುದನ್ನೂ ಹೆಡ್‌ಎಂಡ್ ಪ್ರತಿ ಮೋಡೆಮ್‌ಗೂ ಬೇರೆಬೇರೆಯಾಗಿ ತಿಳಿಸುತ್ತದೆ. ಉತ್ತರ ಅಮೆರಿಕದ ಹಳೆಯ ಹಂಚಿಕೆಯಲ್ಲಿ ಈ ದಾರಿಗೆ ಸಿಕ್ಕಿದ್ದು 5ರಿಂದ 42 ಮೆಗಾಹರ್ಟ್ಸ್‌ವರೆಗಿನ ತುಂಡು ಮಾತ್ರ. ಬರುವ ದಾರಿಗೆ 54ರಿಂದ ಮೇಲಿನದೆಲ್ಲ. ಆ ತುಂಡಾದರೂ ನಿರ್ಮಲವೇ? ಯಾವುದೋ ಮನೆಯಲ್ಲಿ ತಂತಿಯ ತುದಿಯ ತಿರುಪು ಅರ್ಧ ಸುತ್ತು ಸಡಿಲವಾಗಿ, ತಾಮ್ರದ ಕಂಬಿಯ ಸುತ್ತ ಹೆಣೆದ ಲೋಹದ ಜಾಲರಿ ಸರಿಯಾಗಿ ಕೂರದೆ ಹೋದರೆ, ಮಿಕ್ಸಿಯ ಮೋಟಾರಿನ ಕಿಡಿಯ ವಿದ್ಯುತ್ ಗದ್ದಲವೂ ಶಾರ್ಟ್‌ವೇವ್ ರೇಡಿಯೊ ಅಲೆಯೂ ಅಲ್ಲಿಂದ ಒಳನುಗ್ಗುತ್ತವೆ. ಎಲ್ಲ ಮನೆಗಳ ಇಂಥ ಗದ್ದಲವೂ ಮೇಲಕ್ಕೆ ಹೋಗುತ್ತ ಒಂದಕ್ಕೊಂದು ಕೂಡಿಕೊಂಡು ಹೆಡ್‌ಎಂಡ್ ಸೇರುತ್ತದೆ. ಒಂದು ಮನೆಯ ಸಡಿಲ ತಿರುಪು ಇಡೀ ಕವಲಿನ ಅಪ್‌ಸ್ಟ್ರೀಮ್ ಕೆಡಿಸಬಲ್ಲದು.

ಈ ಕೆಲಸದವರೇ ಅದನ್ನು ‘ರಿಟರ್ನ್ ಪಾತ್’ ಎನ್ನುತ್ತಾರೆ. ಆದ್ದರಿಂದ ನನ್ನ ಸಲಹೆ ‘ಮರುದಾರಿ’. ಮರುದನಿ, ಮರುನುಡಿ, ಮರುಟಪಾಲುಗಳಲ್ಲಿರುವ ‘ಮರು’ ಇದು: ಬಂದದ್ದಕ್ಕೆ ಪ್ರತಿಯಾಗಿ ಹೋಗುವುದು. ಡೌನ್‌ಸ್ಟ್ರೀಮ್‌ಗೆ ‘ಇಳಿದಾರಿ’ ಇರಲಿ, ತಕರಾರಿಲ್ಲ.

‘ಅಗಲಪಟ್ಟೆ’ಯನ್ನು ಮಾತ್ರ ಬಿಟ್ಟುಬಿಡಿ. ಒಂದೇ ತಂತಿಯಲ್ಲಿ ಹಲವು ವಾಹಿನಿಗಳನ್ನು ಕಂಪನಾಂಕದಿಂದ ಬೇರ್ಪಡಿಸಿ ಸಾಗಿಸುವ ಕ್ರಮಕ್ಕೆ, ಒಂದೇ ಸಂಕೇತ ಇಡೀ ತಂತಿಯನ್ನು ಬಳಸುವ ಬೇಸ್‌ಬ್ಯಾಂಡ್‌ಗೆ ಎದುರಾಗಿ, ಎಂಜಿನಿಯರರು ಇಟ್ಟ ಹೆಸರು ಬ್ರಾಡ್‌ಬ್ಯಾಂಡ್. ಇಂದು ಜನರ ಬಾಯಲ್ಲಿ ಅದರ ಅರ್ಥ ವೇಗದ ಇಂಟರ್‌ನೆಟ್. ಅಗಲವನ್ನೂ ಪಟ್ಟೆಯನ್ನೂ ಜೋಡಿಸಿದರೆ ಹಳೆಯ ಅರ್ಥವೂ ಹೊಳೆಯದು, ಹೊಸದೂ ಹೊಳೆಯದು. ಜನ ಒಪ್ಪಿಕೊಂಡ ಎರವಲನ್ನು ಕಿತ್ತು ಯಾರೂ ಆಡದ ಪದವನ್ನು ನೆಡುವುದು ಕನ್ನಡದ ಸೇವೆಯಲ್ಲ.

ಪ್ರತಿಕ್ರಿಯೆ 1ರವರಿಂದ

ಜನ ಒಪ್ಪಿಕೊಂಡದ್ದಲ್ಲ, ಅವರಿಗೆ ಬೇರೆ ಪದವನ್ನು ಯಾರೂ ಕೊಡಲಿಲ್ಲ. ಕೊಡಬೇಕಾದವರು ಇಂಥ ಕೈಪಿಡಿ ಬರೆಯುವವರೇ. ‘ಮರುದಾರಿ’ಯನ್ನು ನಾನು ಒಪ್ಪುವುದಿಲ್ಲ: ಮರುಮುದ್ರಣ, ಮರುಪರೀಕ್ಷೆಗಳ ‘ಮರು’ವೇ ಇಂದು ಹೆಚ್ಚು ಬಳಕೆಯಲ್ಲಿದೆ, ಓದುವವರು ‘ಮತ್ತೊಂದು ದಾರಿ’ ಎಂದೇ ತಿಳಿಯುತ್ತಾರೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಬ್ರಾಡ್‌ಬ್ಯಾಂಡ್ ಹಾಗೆಯೇ ಉಳಿಯುತ್ತದೆ. ಪೆಟ್ಟಿಗೆಯ ಮೇಲೆ ಅದೇ ಹೆಸರಿರುವಾಗ ಒಳಗಿನ ಪುಸ್ತಕದಲ್ಲಿ ಬೇರೆ ಹೆಸರಿಟ್ಟರೆ ಓದುವವರು ತಡವರಿಸುತ್ತಾರೆ. ವಾಹಿನಿಯನ್ನು ಚಾನೆಲ್‌ಗೆ ಮೀಸಲಿಟ್ಟಿದ್ದೇನೆ. ದಿಕ್ಕಿನ ಹೆಸರಿಗೆ ‘ಇಳಿದಾರಿ’, ‘ಏರುದಾರಿ’ಗಳನ್ನೇ ಆರಿಸಿಕೊಂಡೆ. ದೀಪದ ಪಕ್ಕದಲ್ಲಿ ಮೇಲ್ಮುಖ ಬಾಣವಿರುವುದು ಒಂದು ಕಾರಣ. ಇನ್ನೊಂದನ್ನು ‘ಮರುದಾರಿ’ ಸೂಚಿಸಿದವರ ವಿವರಣೆಯೇ ಒದಗಿಸಿತು. ಕನ್ನಡದಲ್ಲಿ ಏರುದಾರಿ ಎಂದರೆ ಹತ್ತಲು ಶ್ರಮವಾಗುವ ದಾರಿ, ಮತ್ತು ಸರದಿ ಕಾದು, ಗದ್ದಲ ದಾಟಿ, ಕಿರಿದಾದ ತುಂಡಿನಲ್ಲಿ ಸಾಗುವ ಸಂಕೇತಕ್ಕೆ ಆ ಅರ್ಥ ಸರಿಯಾಗಿಯೇ ಒಪ್ಪುತ್ತದೆ. ಅಚ್ಚಿಗೆ ಹೋಗುವ ವಾಕ್ಯಗಳು ಹೀಗಿವೆ:

‘ಏರುದಾರಿಯ ದೀಪ ಮಿನುಗುತ್ತಿದ್ದರೆ ಮೋಡೆಮ್ ಇನ್ನೂ ಹೆಡ್‌ಎಂಡ್‌ನ ಸಂಪರ್ಕಕ್ಕಾಗಿ ಪ್ರಯತ್ನಿಸುತ್ತಿದೆ ಎಂದರ್ಥ. ಬಹಳ ಹೊತ್ತಾದರೂ ದೀಪ ಸ್ಥಿರವಾಗದಿದ್ದರೆ, ಮೋಡೆಮ್‌ನ ಹಿಂಭಾಗದಲ್ಲಿ ಕೇಬಲ್ ತುದಿಯ ತಿರುಪನ್ನು ಬೆರಳಿನಿಂದ ಬಿಗಿಯಾಗಿ ತಿರುಗಿಸಿ.’