ಆಯಿ (ಅಮ್ಮ) ಮಾತ್ರೆ ಬಿಡ್ತೇನೆ ಅಂತಿದ್ದಾರೆ

ತೋಟದಮನೆ, ಶಿರಸಿ: ಖಿನ್ನತೆಗೆ ಡಾಕ್ಟರು ಎಸ್ಎಸ್ಆರ್‌ಐ (ಮಿದುಳಿನ ಸೆರೊಟೊನಿನ್ ಹೆಚ್ಚಿಸೋ) ಮಾತ್ರೆ ಕೊಟ್ಟು ಹತ್ತು ದಿನ. ಗುಣವಿಲ್ಲ, ಬರೀ ಓಕರಿಕೆ. ಅಡಿಕೆ ಸುಲಿಯೋಕೂ ಕೂರೋದಿಲ್ಲ. ಬಿಡಿಸಬಹುದಾ?

ಕಡಲತಡಿ, ಕಾರವಾರ: ಖಂಡಿತ ಬೇಡ. ಈ ಮಾತ್ರೆ ಹಿಡಿಯೋಕೆ 2ರಿಂದ 4 ವಾರ ಬೇಕು, ಕೆಲವರಿಗೆ 6. ಓಕರಿಕೆ ಮೊದಲು, ಗುಣ ಆಮೇಲೆ. ಜನ ಕೈಬಿಡೋದು ಈ ನಡುವಿನಲ್ಲೇ. ಊಟವಾದ ಮೇಲೆ ಕೊಡಿ. ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕರೆಂಟ್ ಹೊಡೆದಂಥ ಜುಮ್ಮು, ಸಿಡುಕು. ಗುಣವಾದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು ನಡೆಸಿ, ಡಾಕ್ಟರೇ ಮೆಲ್ಲಗೆ ಡೋಸ್ ಇಳಿಸ್ತಾರೆ. ಥೈರಾಯ್ಡ್, ಬಿ12 ನೋಡಿಸಿದ್ದೀರಾ? ಅವುಗಳ ಏರುಪೇರಿನಿಂದಲೂ ಮನಸ್ಸು ಕುಗ್ಗುತ್ತೆ.

ಬನವಾಸಿ ರಸ್ತೆ: ಅಡಿಕೆ ಸುಲಿಯೋ ಮೆಟ್ಟುಗತ್ತಿ ಸದ್ಯ ಬೇಡ ಮಾರಾಯ್ರೆ, ಮಂಪರಿದ್ದರೆ ಕೈ ಕೊಯ್ದುಕೊಳ್ತಾರೆ. ಸುಲಿದ ಅಡಿಕೆ ಆರಿಸೋಕೆ ಕೊಡಿ, ಹತ್ತೇ ನಿಮಿಷ. ‘ಧೈರ್ಯ ತಗೊ’ ಉಪದೇಶ ಬೇಡ, ತಪ್ಪು ತನ್ನದೇ ಅನ್ನಿಸುತ್ತೆ. ಸಾಯೋ ಮಾತು ಬಂದರೆ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ. ಒಂಟಿ ಬಿಡಬೇಡಿ, ಮೈಲುತುತ್ತ, ತೋಟದ ಔಷಧಿಗೆ ಬೀಗ ಹಾಕಿ, ಡಾಕ್ಟರಿಗೆ ಅವತ್ತೇ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, 24 ತಾಸೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ತೋಟದಮನೆ: ಕೊಡೋದು ಬೆಳಿಗ್ಗೆಯಾ, ರಾತ್ರಿಯಾ?

ಕಡಲತಡಿ: ನಿದ್ದೆ ಕೆಡ್ತಿದ್ದರೆ ಬೆಳಿಗ್ಗೆ, ಮಂಪರಿದ್ದರೆ ರಾತ್ರಿ. ಬದಲಿಸೋ ಮೊದಲು ಡಾಕ್ಟರಿಗೊಂದು ಫೋನ್ ಮಾಡಿ.