ಹಾಡುವವನು ಬದಲಾದ ಮೇಲೂ ಅದೇ ಹೆಸರಾ? ನಮ್ಮ ಹಾಸ್ಟೆಲ್ ಗುಂಪಿನ ಒಂದು ಭಾನುವಾರ

ಕಳೆದ ಭಾನುವಾರ ಬೆಳಿಗ್ಗೆ ಏಳು ಗಂಟೆಗೂ ಮೊದಲೇ ಕಿರಣ ಗುಂಪಿಗೆ ಒಂದು ವಿಡಿಯೊ ಹಾಕಿದ. ನಮ್ಮದು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದಿ 1997ರಲ್ಲಿ ಹೊರಬಿದ್ದವರ ವಾಟ್ಸಾಪ್ ಗುಂಪು. ಅಲ್ಲಿ ದಿನಾ ಬರುವುದು ಹುಟ್ಟುಹಬ್ಬದ ಶುಭಾಶಯ, ಅಡಿಕೆ ರೇಟು, ಆಗುಂಬೆ ಘಾಟಿಯ ಮಂಜು. ಆವತ್ತು ಬಂದದ್ದು ಆಲಿಸ್ ಇನ್ ಚೈನ್ಸ್ ಬ್ಯಾಂಡಿನ ಕಥೆ.

ಈ ಸಿಯಾಟಲ್ ಬ್ಯಾಂಡು ನಮ್ಮಲ್ಲಿ ನಾಲ್ಕು ಜನರಿಗೆ ಪ್ರಾಣ. ಹಾಸ್ಟೆಲಿನಲ್ಲಿ ಒಂದೇ ಒಂದು ಟಿಡಿಕೆ 90 ಕ್ಯಾಸೆಟ್ ಇತ್ತು. ಬೆಂಗಳೂರಿನಿಂದ ಯಾರೋ ತುಂಬಿಸಿಕೊಂಡು ಬಂದದ್ದು. ಅವರ 1992ರ 'ಡರ್ಟ್' ಆಲ್ಬಮ್ ಅದರಲ್ಲಿ ಒಂದು ಬದಿಗೆ ಹಿಡಿಸುತ್ತಿರಲಿಲ್ಲ. ಹಾಡಿನ ಮಧ್ಯದಲ್ಲೇ ಟೇಪು ಟಕ್ ಅಂತ ನಿಲ್ಲುತ್ತಿತ್ತು. ತಿರುಗಿಸಿ ಹಾಕಬೇಕು. ಈಗಲೂ ಆ ಹಾಡು ಕೇಳುವಾಗ ಆ ಜಾಗಕ್ಕೆ ಬಂದರೆ ನನ್ನ ಕೈ ತಾನಾಗಿ ಮೇಲೇಳುತ್ತದೆ.

ವಿಡಿಯೊದಲ್ಲಿ ಇದ್ದದ್ದು ಇಷ್ಟು. ಹಾಡುಗಾರ ಲೇನ್ ಸ್ಟೇಲಿ 2002ರ ಏಪ್ರಿಲಿನಲ್ಲಿ ತೀರಿಕೊಂಡ. 2006ರಲ್ಲಿ ಉಳಿದವರು ವಿಲಿಯಂ ಡುವಾಲ್ ಎಂಬ ಹಾಡುಗಾರನ ಜೊತೆ ಮತ್ತೆ ವೇದಿಕೆ ಹತ್ತಿದರು. ಹೊಸ ಆಲ್ಬಮ್ ಮಾಡಲು ಕೂತಾಗ ಅವರ ಬೆನ್ನಿಗೆ ರೆಕಾರ್ಡ್ ಕಂಪನಿಯೇ ಇರಲಿಲ್ಲ. ಗಿಟಾರಿನ ಜೆರ್ರಿ ಕ್ಯಾಂಟ್ರೆಲ್, ಡ್ರಮ್ಸಿನ ಶಾನ್ ಕಿನ್ನಿ ಇಬ್ಬರೂ ಕೈಯಿಂದ ದುಡ್ಡು ಹಾಕಿದರು. ಕಂಪನಿ ಸಿಕ್ಕಿದ್ದು ಆಮೇಲೆ. 2009ರ ಸೆಪ್ಟೆಂಬರಿನಲ್ಲಿ ವರ್ಜಿನ್ ಕಂಪನಿಯಿಂದ 'ಬ್ಲ್ಯಾಕ್ ಗಿವ್ಸ್ ವೇ ಟು ಬ್ಲೂ' ಹೊರಬಂತು. ಅದರ ಹಿಂದಿನ ಆಲ್ಬಮ್ 1995ರದ್ದು. ಮಧ್ಯೆ ಹದಿನಾಲ್ಕು ವರ್ಷ.

ಕಿರಣ: ನೋಡ್ರೋ, ನಮ್ಮ ಕ್ಯಾಸೆಟ್ ಬ್ಯಾಂಡು. ಹೊಸಬನನ್ನು ಕಟ್ಟಿಕೊಂಡು, ಸ್ವಂತ ದುಡ್ಡಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಕಂಪನಿ ಹಿಡಿದರಂತೆ. ಎಂಥ ಧೈರ್ಯ ಅಲ್ವಾ?

ರವಿ: ಧೈರ್ಯ ಎಂತದ್ದು ಮಾರಾಯ. ಹಾಡುವವನು ಹೋದ ಮೇಲೆ ಆ ಹೆಸರೂ ಹೋಯಿತು. ಹೊಸ ಬ್ಯಾಂಡು ಕಟ್ಟಿ, ಹೊಸ ಹೆಸರು ಇಟ್ಟುಕೊಳ್ಳಲಿ. ಸತ್ತವನ ಬೋರ್ಡು ಹಾಕಿಕೊಂಡು ಅಂಗಡಿ ನಡೆಸುವುದು ಸರಿಯಲ್ಲ.

ರವಿ ಸಾಗರದ ಹತ್ತಿರ ಅಡಿಕೆ ತೋಟ ಮಾಡಿಕೊಂಡಿದ್ದಾನೆ. ಕಾಲೇಜಿನ ಬ್ಯಾಂಡಿನಲ್ಲಿ ಹಾಡುತ್ತಿದ್ದವನು ಅವನೇ. ನಾನು ಡ್ರಮ್ಸ್. ಮೂರನೇ ವರ್ಷದಲ್ಲಿ ಅವನ ಅಪ್ಪ ತೀರಿಕೊಂಡರು. ಅವನು ವಾರದ ಅರ್ಧ ಊರಿನಲ್ಲೇ ಇರಬೇಕಾಯಿತು, ಹಾಡುವುದು ನಿಂತಿತು. ಇದು ಗುಂಪಿನಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಅವನ ಮೆಸೇಜಿಗೆ ಸುಮಾರು ಹೊತ್ತು ಯಾರೂ ಉತ್ತರ ಕೊಡಲಿಲ್ಲ.

ಮೊದಲು ಬರೆದವಳು ತೀರ್ಥಹಳ್ಳಿಯ ಸುಮಾ.

ಸುಮಾ: ರವಿ, ನಮ್ಮ ದೊಡ್ಡಪ್ಪ ಯಕ್ಷಗಾನದಲ್ಲಿ ಮದ್ದಳೆ ಬಾರಿಸುತ್ತಿದ್ದರು, ಗೊತ್ತಲ್ಲ. 1990ರ ಮೇ ತಿಂಗಳಲ್ಲಿ ಹಾಡುವ ಭಾಗವತರಾದ ಕಾಳಿಂಗ ನಾವಡರು ಅಪಘಾತದಲ್ಲಿ ತೀರಿಕೊಂಡಾಗ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಇನ್ನೂ ಚಿಕ್ಕ ವಯಸ್ಸು. ಆ ಕಂಠಕ್ಕಾಗಿಯೇ ಜನ ಡೇರೆಗೆ ನುಗ್ಗುತ್ತಿದ್ದರು. ಹಾಗಂತ ಅವರಿದ್ದ ಸಾಲಿಗ್ರಾಮ ಮೇಳ ಹೆಸರು ಬದಲಿಸಿತಾ? ಆಮೇಲೂ ತಿರುಗಾಟ ಹೊರಟಿತು. ಬೇರೆ ಭಾಗವತರು ಕೂತರು. ಚೆಂಡೆ, ಮದ್ದಳೆ, ವೇಷದವರು ಎಲ್ಲ ಇದ್ದರಲ್ಲ. ಅವರು ಎಲ್ಲಿಗೆ ಹೋಗಬೇಕಿತ್ತು?

ರವಿ: ಸುಮಾ, ಮೇಳದ ಮಾತು ಬೇರೆ. ಮೇಳಕ್ಕೆ ಹೆಸರು ಊರಿನಿಂದ ಬರುತ್ತದೆ, ಕ್ಷೇತ್ರದಿಂದ ಬರುತ್ತದೆ. ಭಾಗವತರು ಅದರೊಳಗೆ ಬರುತ್ತಾರೆ, ಹೋಗುತ್ತಾರೆ. ಬ್ಯಾಂಡಿಗೆ ಊರೂ ಇಲ್ಲ, ದೇವರೂ ಇಲ್ಲ. ಅದರ ಗುರುತೇ ಆ ದನಿ.

ಇದು ತೂಕದ ಮಾತು. ನಾನು ಬರೆಯಲು ಹೊರಟಿದ್ದನ್ನು ಅಳಿಸಿದೆ. ಯಕ್ಷಗಾನದಲ್ಲಿ ಭಾಗವತರನ್ನು ಮೊದಲನೇ ವೇಷ ಅನ್ನುತ್ತಾರೆ, ಇಡೀ ರಂಗ ಅವರ ತಾಳದ ಮೇಲೆ ನಡೆಯುತ್ತದೆ. ಆದರೂ ಮೇಳ ಅವರೊಬ್ಬರದ್ದಲ್ಲ. ಬ್ಯಾಂಡಿನಲ್ಲಿ ಆ ಆಸರೆ ಇಲ್ಲ ಅನ್ನುವುದು ನಿಜ.

ಕಿರಣ ಮಾತ್ರ ಬಿಡಲಿಲ್ಲ.

ಕಿರಣ: 2007, ಮಾರ್ಚ್ 17. ಬೆಂಗಳೂರು ಅರಮನೆ ಮೈದಾನ. ಐರನ್ ಮೇಡನ್ ಬ್ಯಾಂಡು. ನೀನು ಅಡಿಕೆ ಕೊಯ್ಲಿನ ಲೆಕ್ಕವನ್ನೂ ಮುಗಿಸದೆ ರಾತ್ರಿ ಬಸ್ಸು ಹತ್ತಿ ಬಂದಿದ್ದೆ. ಅವರ ಹಾಡುಗಾರ ಬ್ರೂಸ್ ಡಿಕಿನ್ಸನ್ ಬಂದು ನಿಂತಾಗ ಅತ್ತುಬಿಟ್ಟೆ. ಅವನು ಬದಲಿ ಬಂದವನೇ ಕಣೋ. ಮೊದಲ ಎರಡು ಆಲ್ಬಮ್ ಹಾಡಿದ್ದು ಪಾಲ್ ಡಿಯಾನೊ. ಡಿಕಿನ್ಸನ್ ಬಂದದ್ದು 1981ರಲ್ಲಿ.

ರವಿ: ಆಗ ಅವರು ಇನ್ನೂ ಹುಡುಗರು, ಬ್ಯಾಂಡು ಆಗಷ್ಟೇ ಬೇರು ಬಿಡುತ್ತಿತ್ತು. ಸಸಿಯನ್ನು ಕಿತ್ತು ನೆಡಬಹುದು. ನಲವತ್ತು ವರ್ಷದ ಮರವನ್ನು ಕಿತ್ತು ನೆಡಲು ಆಗುತ್ತದಾ? ವ್ಯಾನ್ ಹೇಲನ್ ಬ್ಯಾಂಡು ನೋಡು. 1998ರಲ್ಲಿ ಮೂರನೇ ಹಾಡುಗಾರನನ್ನು ತಂದರು. ಒಂದೇ ಆಲ್ಬಮ್, ಮರುವರ್ಷ ಅವನು ಹೊರಗೆ. ಐಎನ್ಎಕ್ಸ್ಎಸ್ ಬ್ಯಾಂಡಿನವರು 2005ರಲ್ಲಿ ಟಿವಿಯಲ್ಲಿ ಸ್ಪರ್ಧೆ ಇಟ್ಟು ಹಾಡುಗಾರನನ್ನು ಆರಿಸಿದರು. ತೀರಿಕೊಂಡ ಮೈಕಲ್ ಹಚಿನ್ಸ್ ಜಾಗಕ್ಕೆ ಸ್ಪರ್ಧೆ! ನನಗೆ ಅದನ್ನು ನೋಡಲು ಆಗಲಿಲ್ಲ.

ನನಗೂ ಆಗಿರಲಿಲ್ಲ. ಅಲ್ಲಿ ಅವನ ಮಾತು ಒಪ್ಪುತ್ತೇನೆ.

ನಾಗರಾಜ ಆಗ ಎಸಿ/ಡಿಸಿ ಬ್ಯಾಂಡಿನ ಮಾತು ತಂದ. ಹಾಡುಗಾರ ಬಾನ್ ಸ್ಕಾಟ್ ತೀರಿಕೊಂಡದ್ದು 1980ರ ಫೆಬ್ರವರಿ 19ಕ್ಕೆ, ಅವನ ಜಾಗಕ್ಕೆ ಬಂದ ಬ್ರಯಾನ್ ಜಾನ್ಸನ್ ಹಾಡಿದ ಆಲ್ಬಮ್ ಬಂದದ್ದು ಅದೇ ಜುಲೈಯಲ್ಲಿ, ಹೊದಿಕೆ ಪೂರ್ತಿ ಕಪ್ಪು. ಯಾರೋ ಜರ್ನಿ ಬ್ಯಾಂಡು ಯೂಟ್ಯೂಬಿನಲ್ಲಿ ಫಿಲಿಪೀನ್ಸಿನ ಹಾಡುಗಾರ ಆರ್ನೆಲ್ ಪಿನೆಡಾನನ್ನು ಹುಡುಕಿದ್ದನ್ನು ಹೇಳಿದರು. ಅವರ 2008ರ ಆಲ್ಬಮ್ ಅಮೆರಿಕದಲ್ಲಿ ವಾಲ್‌ಮಾರ್ಟ್ ಅಂಗಡಿಯ ಮೂಲಕ ಮಾರಾಟವಾಯಿತು, ಯೂರೋಪಿನಲ್ಲಿ ಇಟಲಿಯ ಫ್ರಾಂಟಿಯರ್ಸ್ ಕಂಪನಿ ತಂದಿತು. ಸುಮಾ ಇಂಡಿಯನ್ ಓಷನ್ ಬ್ಯಾಂಡಿನ ಬಗ್ಗೆ ಬರೆದಳು. ಅದರಲ್ಲಿ ಹಾಡುತ್ತಿದ್ದ ಅಶೀಮ್ ಚಕ್ರವರ್ತಿ 2009ರ ಡಿಸೆಂಬರ್ 25ಕ್ಕೆ ತೀರಿಕೊಂಡರು. ಅವರು ಹಾಡಿದ್ದ ಆಲ್ಬಮನ್ನು ಬ್ಯಾಂಡು ಮರುವರ್ಷ ಒಂದೊಂದೇ ಹಾಡಾಗಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಹಂಚಿತು.

ರವಿ: ಹಂಚಿದರಲ್ಲ, ಅದು ನನಗೆ ಒಪ್ಪಿಗೆ. ಮಾರಲು ಹೊರಡುವುದೇ ಬೇಸರ. ಕಂಪನಿಯವರ ಮುಂದೆ ಹೋಗಿ, ನಮ್ಮ ಹಳೇ ಹೆಸರು ಇದೆ, ಹೊಸ ಹುಡುಗ ಇದ್ದಾನೆ, ಏನು ಕೊಡ್ತೀರಿ ಅಂತ ಕೇಳುವುದು.

ನಾಗರಾಜ ಬೆಂಗಳೂರಿನಲ್ಲಿ ಕೆಲವು ವರ್ಷ ಆಡಿಯೊ ವ್ಯವಹಾರದಲ್ಲಿ ಇದ್ದವನು. ಅವನು ಬರೆದದ್ದನ್ನು ಹಾಗೇ ಹಾಕುತ್ತೇನೆ.

ನಾಗರಾಜ: ಕಂಪನಿ ಏನು ಕೊಡುತ್ತದೆ ಅಂತ ಗೊತ್ತಿರಲಿ. ಮುಂಗಡ ಕೊಡುತ್ತದೆ. ಸ್ಟುಡಿಯೊ ಬಾಡಿಗೆ, ಇಂಜಿನಿಯರ್, ಊಟ ತಿಂಡಿ ಎಲ್ಲ ಅದರಲ್ಲೇ. ಆಲ್ಬಮ್ ಮಾರಾಟವಾದಾಗ ಬ್ಯಾಂಡಿನ ಪಾಲಿನ ರಾಯಲ್ಟಿಯಿಂದ ಅಷ್ಟೂ ಮುರಿದುಕೊಳ್ಳುತ್ತಾರೆ. ಮುರಿದು ಮುಗಿದ ಮೇಲೆಯೇ ಕೈಗೆ ಕಾಸು. ಮಾಸ್ಟರ್, ಅಂದರೆ ಮೂಲ ರೆಕಾರ್ಡಿಂಗು, ಸಾಮಾನ್ಯವಾಗಿ ಕಂಪನಿಯ ಹೆಸರಲ್ಲೇ ಇರುತ್ತದೆ. ದುಡ್ಡು ಹಾಕಿದವರು ಬಾಯಿಯನ್ನೂ ಹಾಕುತ್ತಾರೆ. ಈ ಹಾಡು ಬೇಡ, ಈ ಹುಡುಗ ಬೇಡ, ಹಳೇ ಹಾಡುಗಾರನ ಥರ ಹಾಡುವವನನ್ನು ತನ್ನಿ, ಹೀಗೆ. ಕಂಪನಿ ಇಲ್ಲದೆ ಹಾಡು ಹೊರಗೆ ಬಿಡುವುದು ಈಗ ಸುಲಭ. ಆದರೆ ಊರೂರಿನ ಅಂಗಡಿಗೆ ಸಿಡಿ ಮುಟ್ಟಿಸುವುದು, ರೇಡಿಯೊದಲ್ಲಿ ಬರುವ ಹಾಗೆ ಮಾಡುವುದು ಒಂದು ಬ್ಯಾಂಡಿನ ಕೈಲಿ ಆಗುವ ಕೆಲಸ ಅಲ್ಲ.

ಇದನ್ನು ಓದುವಾಗ ನಾನು ನಮ್ಮ ಮನೆಯ ಅಂಗಳದಲ್ಲಿ ಇದ್ದೆ. ಪಕ್ಕದ ಮನೆಯವರು ಅಡಿಕೆ ಹರವುತ್ತಿದ್ದರು. ರವಿಗೆ ಹೇಗೆ ಹೇಳಬೇಕು ಅನ್ನುವುದು ಆಗ ಹೊಳೆಯಿತು. ಉದ್ದ ಮೆಸೇಜು ಬರೆದೆ.

ನಾನು: ರವಿ, ನೀನು ತೋಟವನ್ನು ಒಂದು ವರ್ಷವೂ ಚೇಣಿಗೆ ಕೊಟ್ಟವನಲ್ಲ. ಅಪ್ಪ ಹೋದ ವರ್ಷ ಚೇಣಿದಾರರು ಮನೆ ಬಾಗಿಲಿಗೆ ಬಂದಿದ್ದರು. ಫಸಲು ಮರದಲ್ಲಿ ಇರುವಾಗಲೇ ದುಡ್ಡು ಎಣಿಸುತ್ತೇವೆ ಅಂದರು. ನೀನು ಬೇಡ ಅಂದೆ. ಇಪ್ಪತ್ತೊಂದು ವರ್ಷದ ಹುಡುಗ. ಅಡಿಕೆ ಕೊನೆ ಇಳಿಸಿ, ಸುಲಿಸಿ, ಬೇಯಿಸಿ, ಚೊಗರು ಹಾಕಿ, ಒಣಗಿಸಿ, ರಾಶಿ ಅಡಿಕೆ ಬೇರೆ ಬೆಟ್ಟೆ ಅಡಿಕೆ ಬೇರೆ ಮಾಡಿ ಮಂಡಿಗೆ ತಂದೆ. ರೇಟು ಕೇಳಿದ್ದು ಆಮೇಲೆ. ಆವತ್ತು ಲಾರಿಯಿಂದ ಮೂಟೆ ಇಳಿಸಲು ನಾನೂ ಬಂದಿದ್ದೆ. ಮಂಡಿಗೆ ಹೋದದ್ದಕ್ಕೆ ನೀನು ಅಪ್ಪನ ಹೆಸರು ಮಾರಿದ ಹಾಗೆ ಆಯಿತಾ? ಕ್ಯಾಂಟ್ರೆಲ್ ಮತ್ತು ಕಿನ್ನಿ ಮಾಡಿದ್ದೂ ಇದನ್ನೇ. ಲೇನ್ ಹೆಸರು ತೋರಿಸಿ ಮುಂಗಡ ತಗೊಂಡು ಹಾಡು ಮಾಡಲಿಲ್ಲ. ಮೊದಲು ಹಾಡು ಮಾಡಿದರು. ಯಾರನ್ನು ಹಾಡಿಸಬೇಕು, ಏನು ಹಾಡಬೇಕು ಅಂತ ಹೇಳಲು ಆ ಕೋಣೆಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಆಲ್ಬಮಿನ ಕೊನೆಯ ಹಾಡು ಲೇನ್‌ಗಾಗಿ ಮಾಡಿದ್ದು. ಪಿಯಾನೊ ನುಡಿಸಿದ್ದು ಎಲ್ಟನ್ ಜಾನ್. ಅದನ್ನು ಹೊಸಬನ ಬಾಯಲ್ಲಿ ಹಾಡಿಸಲಿಲ್ಲ, ಕ್ಯಾಂಟ್ರೆಲ್ ತಾನೇ ಹಾಡಿದ. ಅದು ಸಿದ್ಧವಾದ ಸರಕು. ಅದನ್ನು ಹಿಡಿದುಕೊಂಡು ಮಂಡಿಗೆ ಹೋಗುವವನು ತಲೆ ತಗ್ಗಿಸಬೇಕಾಗಿಲ್ಲ.

ಇಪ್ಪತ್ತು ನಿಮಿಷ ಏನೂ ಬರಲಿಲ್ಲ. ರವಿ ಟೈಪ್ ಮಾಡುವುದು ಕಾಣುತ್ತಿತ್ತು, ನಿಲ್ಲುತ್ತಿತ್ತು.

ರವಿ: ಚೇಣಿ ವಿಷಯ ಸರಿ. ದುಡ್ಡಿನ ಮಾತು ಒಪ್ಪಿದೆ. ಆದರೆ ಹೆಸರಿನ ಮಾತು ಹಾಗೇ ಉಳಿಯಿತು. ಒಂದು ಕೇಳುತ್ತೇನೆ. 1996ರ ಕಾಲೇಜು ಹಬ್ಬ. ನಾನು ಊರಿಂದ ಬಂದು ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಗೋಡೆ ಮೇಲೆ ಪೋಸ್ಟರ್. ನಮ್ಮದೇ ಹೆಸರು, ನಾನು ಬರೆದ ಅಕ್ಷರದ್ದೇ ಜೆರಾಕ್ಸು. ಹಾಡುವವನು ಯಾರೋ ಜೂನಿಯರ್. ನೀವು ಮೂವರಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ. ನಾನು ಹಾಗೇ ವಾಪಸು ಬಸ್ಸು ಹತ್ತಿದೆ.

ಇದು ನನಗೆ ಗೊತ್ತಿರಲಿಲ್ಲ. ಅವನು ಆವತ್ತು ಶಿವಮೊಗ್ಗಕ್ಕೆ ಬಂದಿದ್ದ ಅನ್ನುವುದೇ ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಬಸ್ ಸ್ಟ್ಯಾಂಡು ಅವನ ಜೊತೆಗೇ ಇತ್ತು. ನಾನು ಎಸಿ/ಡಿಸಿ, ಐರನ್ ಮೇಡನ್ ಅಂತ ಓದಿಕೊಂಡು ಕೂತಿದ್ದೆ.

ನಾನು: ತಪ್ಪಾಯಿತು ಕಣೋ. ನಿನ್ನ ಮನೆಗೆ ಬಂದು ಹೇಳಬೇಕಿತ್ತು. ಸಾವಿನ ಮನೆ, ಈಗ ಹಾಡಿನ ವಿಷಯ ಹೇಗೆ ಎತ್ತುವುದು ಅಂತ ಮೂವರೂ ಸುಮ್ಮನಾದೆವು. ಅದು ಮರ್ಯಾದೆ ಅಂದುಕೊಂಡಿದ್ದೆವು. ಹೆದರಿಕೆ ಅದು. ಹೆಸರು ಇಟ್ಟುಕೊಂಡದ್ದಕ್ಕೆ ನನಗೆ ಬೇಸರ ಇಲ್ಲ, ಆ ಹೆಸರಿಗೆ ನಾವು ನಾಲ್ವರೂ ಬೆವರು ಸುರಿಸಿದ್ದೇವೆ. ನಿನಗೆ ಹೇಳದೆ ಇಟ್ಟುಕೊಂಡದ್ದಕ್ಕೆ ಇದೆ.

ಆಮೇಲೆ ಆ ಹುಡುಗನ ಬಗ್ಗೆ ಬರೆದೆ, ಅವನ ಬಗ್ಗೆ ಯಾರೂ ಯೋಚಿಸಿಯೇ ಇರಲಿಲ್ಲ ಅಂತ ಅನ್ನಿಸಿತು. ರಿಪ್ಪನ್‌ಪೇಟೆ ಕಡೆಯವನು, ಎರಡನೇ ವರ್ಷ. ಮೈಕು ಶಾಕ್ ಹೊಡೆಯುತ್ತಿತ್ತು. ಕರ್ಚೀಫು ಸುತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಶುರು ಮಾಡುವ ಮೊದಲೇ ಹಿಂದಿನ ಸಾಲಿನವರು ರವಿ, ರವಿ ಅಂತ ಕೂಗಿದರು. ಅವನು ತಿರುಗಿ ನನ್ನನ್ನು ನೋಡಿದ. ನಾನು ಕೋಲು ಹೊಡೆದು ನಾಲ್ಕು ಎಣಿಸಿಬಿಟ್ಟೆ, ಬೇರೆ ಏನು ಮಾಡಬೇಕು ಗೊತ್ತಾಗಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಹಾಡಿದ. ಕರ್ಚೀಫು ಒದ್ದೆಯಾಗಿ ಎರಡು ಸಲ ಶಾಕ್ ಹೊಡೆದದ್ದು ಅವನ ಹೆಗಲು ಜಿಗಿದದ್ದರಲ್ಲೇ ಕಾಣಿಸಿತು. ಮೈಕು ಬಿಡಲಿಲ್ಲ.

ಮಧ್ಯಾಹ್ನ ಗುಂಪು ಬೇರೆ ಕಡೆ ಹೋಯಿತು. ಯಾರದ್ದೋ ಮಗಳ ಮದುವೆ ಕಾರ್ಡು ಬಂತು.

ರಾತ್ರಿ ಹತ್ತೂವರೆಗೆ ರವಿ ಮತ್ತೆ ಬಂದ.

ರವಿ: ಹಂಡೆ ಒಲೆಯ ಮೇಲೆ ಇತ್ತು, ಅಡಿಕೆ ಬೇಯುತ್ತಿತ್ತು. ಪಕ್ಕದಲ್ಲೇ ಕೂತು ಆಲ್ಬಮ್ ಪೂರ್ತಿ ಕೇಳಿದೆ. ಹೆಸರಿನ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಆದರೆ ಈ ಡುವಾಲ್ ಎಲ್ಲೂ ಲೇನ್ ಆಗಲು ಹೋಗಿಲ್ಲ. ಕ್ಯಾಂಟ್ರೆಲ್ ದನಿಯ ಜೊತೆ ತನ್ನ ದನಿ ಜೋಡಿಸಿದ್ದಾನೆ, ಮೊದಲಿನ ಹಾಗೆ ಎರಡು ದನಿ ಒಟ್ಟಿಗೆ ಬರುತ್ತವೆ, ಆದರೆ ಅದು ಬೇರೆಯದೇ ಜೋಡಿ. ಕೊನೆಯ ಹಾಡನ್ನು ಎರಡನೇ ಸಲ ಹಾಕಲು ಆಗಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು:

ರವಿ: ಆ ಹುಡುಗ ಮೊದಲು ಹಾಡಿದ್ದು ಯಾವ ಹಾಡು?

ನಾನು: ನೀನು ಬರೆದದ್ದು. ಎರಡನೇ ಚರಣ ಮರೆತುಹೋಗಿ ಮೊದಲನೆಯದನ್ನೇ ಮತ್ತೆ ಹಾಡಿದ.

ರವಿ: ಎರಡನೇ ಚರಣ ನಿಮ್ಮ ಹತ್ತಿರ ಇರಲೇ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲೇ ಉಳಿದಿತ್ತು. ಅವನ ನಂಬರ್ ಇದ್ದರೆ ಕಳಿಸು.