ಖಾಲಿ ಆಲ್ಬುಮಿನ್ ಚಾನೆಲ್‌ನಲ್ಲೂ ಫಿಜಿ ಪ್ಲೇಟ್‌ಲೆಟ್ ವ್ಯಾಪ್ತಿ ತೋರಿಸುತ್ತಿದೆ, ಪರಿಹಾರ ಬೇಕು

ಹರಿವುಕೋಶ: ಕೊಲಾಜೆನ್ ಲೇಪಿಸಿದ ಚಾನೆಲ್‌ನಲ್ಲಿ ರಕ್ತ ಹರಿಸಿ, ಅಂಟಿಕೊಂಡ ಪ್ಲೇಟ್‌ಲೆಟ್‌ಗಳು ಆವರಿಸಿದ ಜಾಗವನ್ನು ಫಿಜಿ ಎಂಬ ಚಿತ್ರ ವಿಶ್ಲೇಷಣಾ ತಂತ್ರಾಂಶದಲ್ಲಿ ಅಳೆಯುತ್ತಿದ್ದೇನೆ. ಹೋಲಿಕೆಗೆಂದು ಇಟ್ಟಿರುವ ಆಲ್ಬುಮಿನ್ ಚಾನೆಲ್ ಕಣ್ಣಿಗೆ ಬಹುತೇಕ ಖಾಲಿಯಾಗಿದ್ದರೂ, ಅಲ್ಲಿಯೂ ಕೊಲಾಜೆನ್‌ನಷ್ಟೇ ಶೇಕಡಾವಾರು ಬರುತ್ತಿದೆ. ಪ್ರಯೋಗದಲ್ಲಿ ಯಾವ ಲೋಪವೂ ಇಲ್ಲ. ಕೆಲಸ ಪೂರ್ತಿ ನಿಂತುಹೋಗಿದೆ, ದಯವಿಟ್ಟು ದಾರಿ ತೋರಿಸಿ.

ಕೆಂಪುಕಣ: ರಕ್ತ ಹೆಪ್ಪುಗಟ್ಟದಂತೆ ಏನು ಬೆರೆಸಿದ್ದೀರಿ ಎಂಬುದನ್ನೇ ಬರೆದಿಲ್ಲವಲ್ಲ? ಸಿಟ್ರೇಟ್ ಆಗಿದ್ದರೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಪ್ಲೇಟ್‌ಲೆಟ್‌ಗಳು ಗುಂಪುಗೂಡುವುದನ್ನು ಕುಗ್ಗಿಸುತ್ತದೆ. ಕ್ಯಾಲ್ಸಿಯಂ ಅನ್ನು ಮುಟ್ಟದೆ ಹೆಪ್ಪುಗಟ್ಟುವುದನ್ನು ತಡೆಯುವ ಹಿರುಡಿನ್‌ಗೆ ಬದಲಿಸಿ.

ಗೋಡೆಬಳಿ: ಚಾನೆಲ್ ಅಳತೆಯೂ ಬೇಕು. 1 ಮಿ.ಮೀ. ಅಗಲ, 0.1 ಮಿ.ಮೀ. ಎತ್ತರವಿದ್ದು ನಿಮಿಷಕ್ಕೆ 100 ಮೈಕ್ರೋಲೀಟರ್ ಹರಿಸಿದರೆ ಗೋಡೆಯ ಷಿಯರ್ ದರ (ಗೋಡೆಯ ಬಳಿ ಹರಿವಿನ ವೇಗ ಬದಲಾಗುವ ದರ) ಸೆಕೆಂಡಿಗೆ ಸುಮಾರು 1000. ಹರಿವು ಅಷ್ಟೇ ಇದ್ದು ಎತ್ತರ ಅರ್ಧವಾದರೆ ಅದು ನಾಲ್ಕು ಪಟ್ಟಾಗುತ್ತದೆ.

ಹರಿವುಕೋಶ: ಸಿಟ್ರೇಟ್ ರಕ್ತವೇ. ಅಳತೆಯೂ ನೀವು ಹೇಳಿದ್ದೇ. ಎರಡೂ ಚಾನೆಲ್‌ಗೆ ಒಂದೇ ರಕ್ತ, ಒಂದೇ ಬಣ್ಣ.

ಕೆಂಪುಕಣ: ಸಿಟ್ರೇಟ್ ಎಂದಮೇಲೆ ಮುಂದಿನ ಚರ್ಚೆಯೇ ಬೇಕಿಲ್ಲ.

ಮಸೂರ: ಕೆಂಪುಕಣ ಅವರೇ, ಸಿಟ್ರೇಟ್ ಕೊಲಾಜೆನ್ ಕಡೆಯ ಅಂಕಿಯನ್ನು ತಗ್ಗಿಸಬಹುದೇ ಹೊರತು ಖಾಲಿ ಚಾನೆಲ್‌ನ ಅಂಕಿಯನ್ನು ಏರಿಸಲಾರದು. ಹರಿವುಕೋಶ ಅವರೇ, ಥ್ರೆಶೋಲ್ಡ್, ಅಂದರೆ ಪ್ಲೇಟ್‌ಲೆಟ್ ಎಂದು ಎಣಿಸಲು ಬೇಕಾದ ಹೊಳಪಿನ ಮಿತಿ, ಹೇಗೆ ನಿಗದಿಯಾಗುತ್ತಿದೆ?

ಹರಿವುಕೋಶ: ಮ್ಯಾಕ್ರೋ ಪ್ರತಿ ಚಿತ್ರಕ್ಕೂ ತಾನಾಗಿಯೇ ಓಟ್ಸು ವಿಧಾನ ಬಳಸುತ್ತದೆ. ವ್ಯಕ್ತಿಯ ಒಲವು ನುಸುಳಬಾರದೆಂದು ಹಾಗೆ ಬರೆದದ್ದು.

ಮಸೂರ: ತೊಂದರೆ ಇರುವುದು ಅಲ್ಲಿಯೇ. 1979ರ ಆ ವಿಧಾನ ಚಿತ್ರದಲ್ಲಿ ಎರಡು ವರ್ಗಗಳಿವೆ ಎಂದು ಮೊದಲೇ ಭಾವಿಸಿಕೊಂಡಿರುವುದರಿಂದ, ಪ್ಲೇಟ್‌ಲೆಟ್ ಇಲ್ಲದ ಕಡೆ ಹಿನ್ನೆಲೆಯ ಗದ್ದಲವನ್ನೇ ಇಬ್ಭಾಗ ಮಾಡಿ ಒಂದು ಭಾಗವನ್ನು ಪ್ಲೇಟ್‌ಲೆಟ್ ಎಂದು ಎಣಿಸುತ್ತದೆ. ಎಲ್ಲ ಚಿತ್ರಗಳನ್ನೂ ಒಂದೇ ಎಕ್ಸ್‌ಪೋಶರ್‌ನಲ್ಲಿ ತೆಗೆದು, ಆಲ್ಬುಮಿನ್ ಚಿತ್ರಗಳ ಹಿನ್ನೆಲೆಯ ಸರಾಸರಿಗೆ ಮೂರು ಪಟ್ಟು ಪ್ರಮಾಣಿತ ವಿಚಲನೆ ಕೂಡಿಸಿ, ಬಂದ ಒಂದೇ ಮಿತಿಯನ್ನು ಎಲ್ಲಕ್ಕೂ ಅನ್ವಯಿಸಿ. ಹಿನ್ನೆಲೆ ಕಳೆಯುವಾಗ ಫಿಜಿಯ ರೋಲಿಂಗ್ ಬಾಲ್ ವಿಧಾನದ ತ್ರಿಜ್ಯ ಅತಿದೊಡ್ಡ ಗುಂಪಿಗಿಂತ ದೊಡ್ಡದಾಗಿರಲಿ, ಇಲ್ಲದಿದ್ದರೆ ಗುಂಪುಗಳೇ ಅಳಿಸಿಹೋಗುತ್ತವೆ.

ಪಿಕ್ಸೆಲ್: ಇಷ್ಟೆಲ್ಲ ಏಕೆ? ಕಲಿಸಿದಂತೆ ಚಿತ್ರದ ಭಾಗಗಳನ್ನು ವಿಂಗಡಿಸುವ ಇಲಾಸ್ಟಿಕ್ ತಂತ್ರಾಂಶಕ್ಕೆ ಕೆಲವು ಚಿತ್ರಗಳಲ್ಲಿ ಗುರುತು ಮಾಡಿ ಕಲಿಸಿದರೆ ಸಾಕು. ನಮ್ಮಲ್ಲಿ ಕಾನ್‌ಫೋಕಲ್ ಸೂಕ್ಷ್ಮದರ್ಶಕ ಇರುವುದರಿಂದ ಗುಂಪುಗಳ ಘನಗಾತ್ರವೂ ಸಿಗುತ್ತದೆ.

ಮಸೂರ: ಬೆಳಕು ಅಸಮವಾಗಿದ್ದರೆ ಇಲಾಸ್ಟಿಕ್ ಆ ಅಸಮತೆಯನ್ನೂ ಕಲಿತುಬಿಡಬಹುದು. ಘನಗಾತ್ರ ಇಲ್ಲಿ ಕೇಳಿರುವ ಪ್ರಶ್ನೆಯಲ್ಲ.

ಹರಿವುಕೋಶ: ಒಂದೇ ಮಿತಿ ಹಾಕಿದ ಮೇಲೆ ಆಲ್ಬುಮಿನ್ ಅಂಕಿ ಸೊನ್ನೆಯ ಹತ್ತಿರಕ್ಕೆ ಇಳಿದಿದೆ. ಆದರೆ ಕೊಲಾಜೆನ್ ಚಿತ್ರಗಳ ಅಂಚಿನಲ್ಲಿರುವ ಮಸುಕಾದ ಒಂಟಿ ಪ್ಲೇಟ್‌ಲೆಟ್‌ಗಳು ಈಗ ಲೆಕ್ಕದಿಂದ ಬಿಟ್ಟುಹೋಗುತ್ತಿವೆ. ಮಿತಿಯನ್ನು ಮುಟ್ಟದೆ ಅವನ್ನು ಉಳಿಸಿಕೊಳ್ಳುವುದು ಹೇಗೆ?

ಕೆಂಪುಕಣ: ಹಿರುಡಿನ್.